ಬನಿಯನ್ ಬಟ್ಟೆಯ ಟಾಪ್: ಪ್ಯಾಟರ್ನಿನ ಕುತ್ತಿಗೆ ಪಟ್ಟಿಯನ್ನು ಹಾಗೇ ಕತ್ತರಿಸಬಹುದಾ?

ಸುರತ್ಕಲ್_ಸೂಜಿ

ಗುಂಡು ಕುತ್ತಿಗೆ, ಗಿಡ್ಡ ತೋಳಿನ ಟಾಪ್ ಹೊಲಿಯಲಿಕ್ಕುಂಟು. ರವಿಕೆ, ಚೂಡಿದಾರ್ ಹೊಲಿಗೆ ಗೊತ್ತು, ಹಿಗ್ಗುವ ಬಟ್ಟೆ ಇದೇ ಮೊದಲು. ಕೇಳಿ ಕೇಳಿ ಹೇಳುವ ಕಷ್ಟ ಬೇಡ ಅಂತ ವಿವರ ಪೂರ್ತಿ ಕೊಡ್ತೇನೆ.

ಪ್ಯಾಟರ್ನ್ (ಬಟ್ಟೆ ಕತ್ತರಿಸುವ ತುಂಡುಗಳ ನಕ್ಷೆ) ದುಡ್ಡು ಕೊಟ್ಟು ತೆಗೆದ ಪಿಡಿಎಫ್. ಹೊಲಿಗೆಗೆ ಬಿಡುವ ಮಾರ್ಜಿನ್ 1 ಸೆಂ.ಮೀ. ಒಳಗೇ ಸೇರಿಸಿದ್ದಾರೆ. "50% ಹಿಗ್ಗುವ ನಿಟ್ ಬಟ್ಟೆ" ಬೇಕು ಅಂತ ಬರೆದಿದೆ, ನಿಟ್ ಅಂದರೆ ನೇಯದೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಬಟ್ಟೆ ಮಂಗಳೂರಿನ ಭವಂತಿ ಸ್ಟ್ರೀಟಿನಿಂದ ತಂದ ಕಾಟನ್-ಲೈಕ್ರಾ ಸಿಂಗಲ್ ಜೆರ್ಸಿ (ಬನಿಯನ್ ಬಟ್ಟೆ), 180 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 180 ಗ್ರಾಂ ತೂಕ, 60 ಇಂಚು ಅಗಲ, ಒಂದೂವರೆ ಮೀಟರ್. ಇನ್ನೂ ಒಗೆದಿಲ್ಲ. ಮೆಷಿನ್ ಝಿಗ್‌ಝಾಗ್ ಇರುವ ಮನೆಯ ಮೆಷಿನ್, ಓವರ್‌ಲಾಕ್ ಇಲ್ಲ. ಅಳತೆ: ಎದೆ 38 ಇಂಚು, ಕಂಕುಳ ಹತ್ತಿರ ಎದೆಯ ಮೇಲ್ಭಾಗ 35½, ಎತ್ತರ 5 ಅಡಿ 1 ಇಂಚು.

ಯಾವ ಸೈಜ್ ತೆಗೆಯುವುದು? ಕುತ್ತಿಗೆ ಪಟ್ಟಿಗೆ ಬೇರೆ ತುಂಡು ಕೊಟ್ಟಿದ್ದಾರೆ, ಅದನ್ನು ಹಾಗೇ ಕತ್ತರಿಸಿದರೆ ಆಗ್ತದಾ?

ಕಲ್ಸಂಕ_ಕತ್ತರಿ

ಸೈಜಿನ ಮಾತು ಆಮೇಲೆ, ಮೊದಲು ಬಟ್ಟೆ ಒಗೆಯಿರಿ. ಒಗೆಯುವ ಮುಂಚೆ ಅಂಚಿನಿಂದ ಒಂದು ಗೇಣು ಒಳಗೆ 50 ಸೆಂ.ಮೀ. ಚೌಕ ಅಳೆದು ನಾಲ್ಕು ಮೂಲೆಗೂ ಬೇರೆ ಬಣ್ಣದ ನೂಲಿನಲ್ಲಿ ಒಂದೊಂದು ಹೊಲಿಗೆ ಹಾಕಿಡಿ. ಚಾಕ್ ಗುರುತು ನೀರಿಗೆ ಹೋಗ್ತದೆ. ಟಾಪನ್ನು ಮುಂದೆ ಹೇಗೆ ಒಗೆಯುತ್ತೀರೋ ಬಟ್ಟೆಯನ್ನೂ ಹಾಗೇ ಒಗೆಯಬೇಕು. ಮೆಷಿನ್‌ಗೆ ಹಾಕುವವರು ಮೆಷಿನ್‌ಗೇ ಹಾಕಿ, ಎರಡು ಸಲ. ತಣ್ಣೀರಿನಲ್ಲಿ ಅದ್ದಿ ತೆಗೆದದ್ದು ಲೆಕ್ಕಕ್ಕಿಲ್ಲ.

ಹೊಸೈರಿ ಬಟ್ಟೆಯನ್ನು ಹೆಣೆಯುವಾಗ, ಬಣ್ಣ ಹಾಕುವಾಗ, ಒಣಗಿಸುವಾಗ ಉದ್ದಕ್ಕೆ ಎಳೆದುಕೊಂಡೇ ಹೋಗ್ತಾರೆ. ಕುಣಿಕೆಗಳು ಉದ್ದಕ್ಕೆ ಎಳೆದ ಸ್ಥಿತಿಯಲ್ಲೇ ಅಂಗಡಿಗೆ ಬರ್ತವೆ. ನೀರು ಮುಟ್ಟಿದಾಗ ಸಡಿಲಾಗಿ ತಮ್ಮ ಆಕಾರಕ್ಕೆ ಮರಳುತ್ತವೆ, ಉದ್ದ ಕಡಿಮೆ ಆಗ್ತದೆ. 25 ಇಂಚಿನ ಟಾಪ್‌ನಲ್ಲಿ 6% ಅಂದರೆ ಒಂದೂವರೆ ಇಂಚು. ಹೊಲಿದ ಮೇಲೆ ಅಷ್ಟು ಗಿಡ್ಡ ಆದರೆ ಕೆಳಗೆ ಬಿಚ್ಚಿ ಬಿಡಲಿಕ್ಕೆ ಮಡಿಕೆ ಎಲ್ಲಿಂದ ತರ್ತೀರಿ?

ಮಲ್ಪೆಗಾಳಿ

ಒಣಗಿಸುವಾಗ ಹಗ್ಗಕ್ಕೆ ಜೋತು ಹಾಕಬೇಡಿ. ನೀರು ತುಂಬಿದ ಜೆರ್ಸಿ ತನ್ನ ಭಾರಕ್ಕೇ ಉದ್ದಕ್ಕೆ ಇಳೀತದೆ, ಒಗೆದು ಕುಗ್ಗಿಸಿದ್ದೆಲ್ಲ ವ್ಯರ್ಥ. ಹಳೆಯ ಬೈರಾಸಿನಲ್ಲಿ (ಟವೆಲ್) ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಬಿಡಿಸಿ ಹಾಕಿ ಫ್ಯಾನ್ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಈ ದಪ್ಪದ ಬಟ್ಟೆ ಪೂರ್ತಿ ಒಣಗಲಿಕ್ಕೆ ಎರಡು ದಿನ ಹಿಡಿಯಬಹುದು. ಮುಟ್ಟಿದರೆ ಒಣಗಿದ ಹಾಗೆ ಕಾಣ್ತದೆ, ಮಡಿಕೆಯ ಒಳಗೆ ಪಸೆ ಇರ್ತದೆ. ಹಾಗೆ ಮಡಚಿಟ್ಟರೆ ಬೂಷ್ಟಿನ ಕಪ್ಪು ಚುಕ್ಕಿ ಬರ್ತದೆ, ಬಿಳಿ ಬಟ್ಟೆಯಿಂದ ಅದು ಹೋಗುವುದು ಬಹಳ ಕಷ್ಟ.

ಕಾಗದಕ್ಕೂ ಇದೇ ಕಥೆ. ಮಳೆಗಾಲದಲ್ಲಿ ಪ್ಯಾಟರ್ನಿನ ಕಾಗದ ತೇವ ಹೀರಿ ಮೆತ್ತಗಾಗ್ತದೆ, ಅಂಚು ಅಲೆ ಏಳ್ತದೆ. ನಿಮ್ಮ ಸೈಜಿನ ಗೆರೆಯನ್ನು ದಪ್ಪ ಪ್ಲಾಸ್ಟಿಕ್ ಶೀಟಿನ ಮೇಲೆ ಮಾರ್ಕರಿನಲ್ಲಿ ಎತ್ತಿಕೊಳ್ಳಿ. ಇನ್ನೊಂದು ಸೈಜ್ ಬೇಕಾದಾಗ ಮೂಲ ಕಾಗದ ಇಡೀ ಉಳಿದಿರ್ತದೆ.

ಮಣಿಪಾಲ_ಪ್ರಿಂಟ್

ಪಿಡಿಎಫ್ ಪ್ರಿಂಟ್ ತೆಗೆಯುವಾಗ ಎಲ್ಲರೂ ಎಡವುವ ಜಾಗ ಒಂದುಂಟು. ಪ್ರಿಂಟರ್ ತನ್ನಷ್ಟಕ್ಕೆ "ಪುಟಕ್ಕೆ ಹೊಂದಿಸು" ಅಂತ ಆರಿಸಿಕೊಂಡಿರ್ತದೆ. ಅದನ್ನು ತೆಗೆದು 100% ಅಥವಾ "ನಿಜ ಅಳತೆ" ಇಡಿ. ಮೊದಲು ಪರೀಕ್ಷೆಯ ಚೌಕ ಇರುವ ಹಾಳೆ ಒಂದನ್ನೇ ತೆಗೆದು ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ, ಅಡ್ಡಕ್ಕೂ ಉದ್ದಕ್ಕೂ. 10 ಸೆಂ.ಮೀ. ಚೌಕ 9.7 ಬಂದರೆ 3% ಕಡಿಮೆ. ಕೇಳುವಾಗ ಏನೂ ಅನಿಸುವುದಿಲ್ಲ, 38 ಇಂಚಿನ ಸುತ್ತಿಗೆ ಅದು ಒಂದು ಇಂಚಿಗಿಂತ ಜಾಸ್ತಿ.

ಎ4 ಹಾಳೆ ಅಂಟಿಸುವುದು ಬೇಡ ಅನಿಸಿದರೆ ಹೆಚ್ಚಿನ ಪ್ಯಾಟರ್ನ್‌ಗಳ ಜೊತೆ ಎ0 ಫೈಲ್ ಕೊಟ್ಟಿರ್ತಾರೆ. 841 ಬೈ 1189 ಮಿ.ಮೀ. ಹಾಳೆ ಅದು. ಕಟ್ಟಡದ ಪ್ಲಾನ್ ತೆಗೆದುಕೊಡುವ ಪ್ಲಾಟರ್ ಇರುವ ಅಂಗಡಿಗೆ ಪೆನ್‌ಡ್ರೈವ್ ಕೊಂಡುಹೋಗಿ, ಕಪ್ಪು-ಬಿಳುಪು ಸಾಕು ಅನ್ನಿ. ಸೈಜುಗಳನ್ನು ಬಣ್ಣದಿಂದ ಮಾತ್ರ ಬೇರೆ ಮಾಡಿದ್ದರೆ ಕಪ್ಪು-ಬಿಳುಪಿನಲ್ಲಿ ಎಲ್ಲ ಗೆರೆ ಒಂದೇ ಆಗ್ತದೆ. ಹಾಗಿದ್ದರೆ ಫೈಲ್ ತೆರೆದು ನಿಮ್ಮ ಸೈಜಿನ ಪದರ ಒಂದನ್ನೇ ಉಳಿಸಿ ಕೊಡಿ.

ಲಕೋಟೆಯಲ್ಲಿ ಬರುವ ದೊಡ್ಡ ಕಂಪೆನಿಗಳ ಪ್ಯಾಟರ್ನ್, ಸಿಂಪ್ಲಿಸಿಟಿ, ಮೆಕಾಲ್ಸ್, ಬಟರಿಕ್ ತರಹದ್ದು, ಸಾಮಾನ್ಯವಾಗಿ 1.5 ಸೆಂ.ಮೀ. ಮಾರ್ಜಿನ್ ಸೇರಿಸಿರ್ತದೆ. ಬುರ್ಡಾ ಪತ್ರಿಕೆಯ ಹಾಳೆಯಲ್ಲಿ ಮಾರ್ಜಿನ್ ಸೇರಿಸಿರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಓದದೆ ಕತ್ತರಿ ಹಾಕಿದರೆ ಟಾಪೇ ಬೇರೆ ಸೈಜ್ ಆಗಿಬಿಡ್ತದೆ.

ಕಲ್ಸಂಕ_ಕತ್ತರಿ

ಈಗ ಹಿಗ್ಗುವ ಅಳತೆ. ಒಗೆದು ಒಣಗಿದ ಬಟ್ಟೆಯನ್ನು ಅಡ್ಡಕ್ಕೆ ಮಡಚಿ, ಅಂಚಿನಿಂದ ದೂರ, ಮಡಿಕೆಯ ಮೇಲೆ 10 ಸೆಂ.ಮೀ.ಗೆ ಎರಡು ಗುಂಡುಪಿನ್ನು ಚುಚ್ಚಿ. ಸ್ಕೇಲಿನ ಮೇಲೆ ಒಂದು ತುದಿ ಹಿಡಿದು ಇನ್ನೊಂದನ್ನು ಎಳೆಯಿರಿ, ಅಂಚು ಸುರುಳಿ ಸುತ್ತಲಿಕ್ಕೆ ಶುರು ಆಗುವವರೆಗೆ ಮಾತ್ರ. ಅಲ್ಲಿಂದ ಮುಂದೆ ಎಳೆಯುವುದು ಹಿಂಸೆ, ಅಳತೆ ಅಲ್ಲ. 15ಕ್ಕೆ ಬಂದರೆ 50%, 12.5ಕ್ಕೆ ನಿಂತರೆ 25%. ಬಿಟ್ಟು ಒಂದು ನಿಮಿಷ ಕಾದು ಮತ್ತೆ ಅಳೆಯಿರಿ. 10.3ರ ಒಳಗೆ ವಾಪಸು ಬಂದರೆ ಒಳ್ಳೆಯದು. 11ಕ್ಕೆ ನಿಂತರೆ ಆ ಬಟ್ಟೆಯ ಕುತ್ತಿಗೆ, ಮೊಣಕೈ ಎರಡೂ ಜೋಲು ಬೀಳ್ತವೆ.

ಸುರತ್ಕಲ್_ಸೂಜಿ

ಎರಡು ಸಲ ಒಗೆದು ಅಳೆದೆ. ಚೌಕ ಉದ್ದಕ್ಕೆ 47, ಅಡ್ಡಕ್ಕೆ 48.5 ಸೆಂ.ಮೀ. ಆಗಿದೆ. ಎಳೆದರೆ 10 ಸೆಂ.ಮೀ. 13.5ಕ್ಕೆ ನಿಲ್ತದೆ, ಬಿಟ್ಟರೆ 10.2. ಪ್ಯಾಟರ್ನ್ ಕೇಳಿದ್ದು 50%, ನನ್ನ ಬಟ್ಟೆ 35%. ಬಟ್ಟೆ ಬದಲಿಸಬೇಕಾ?

ಕಾಪಿಕಾಡ್_ದರ್ಜಿ

ಬದಲಿಸುವುದು ಬೇಡ, ವಾಪಸು ಬರುವ ಗುಣ ಚೆನ್ನಾಗಿದೆ. ಸೈಜ್ ಮಾತ್ರ ಹೊಸದಾಗಿ ಲೆಕ್ಕ ಹಾಕಿ.

ಪ್ಯಾಟರ್ನಿನಲ್ಲಿ ಅಳತೆಯ ಎರಡು ಕೋಷ್ಟಕ ಇರ್ತವೆ, ಮೈಯ ಅಳತೆ ಒಂದು, ಹೊಲಿದು ಮುಗಿದ ಬಟ್ಟೆಯ ಅಳತೆ ಇನ್ನೊಂದು. ನೇಯ್ದ ಬಟ್ಟೆಯಲ್ಲಿ ಎರಡನೆಯದು ಯಾವಾಗಲೂ ದೊಡ್ಡದು. ಇಲ್ಲಿ ಅದು ಮೈಗಿಂತ ಚಿಕ್ಕದಿರಬಹುದು, 36 ಇಂಚಿನ ಎದೆಗೆ 34 ಇಂಚಿನ ಟಾಪ್. ಆ ಎರಡು ಇಂಚನ್ನು ಬಟ್ಟೆ ಹಿಗ್ಗಿ ಕೊಡಬೇಕು ಅಂತ ಲೆಕ್ಕ. ರವಿಕೆ ಹೊಲಿದ ಕೈಗೆ ಇದು ತಪ್ಪು ಅನಿಸಿ ತಾನಾಗಿ ಎರಡು ಇಂಚು ಸೇರಿಸಿಬಿಡ್ತದೆ. ಆಗ ಟಾಪ್ ಭುಜದಿಂದ ಜಾರ್ತದೆ.

ನಿಮ್ಮ ಎದೆ ಮತ್ತು ಮೇಲ್ಭಾಗಕ್ಕೆ ಎರಡೂವರೆ ಇಂಚು ವ್ಯತ್ಯಾಸ ಉಂಟು. ದೊಡ್ಡ ಕಂಪೆನಿಗಳ ಪ್ಯಾಟರ್ನ್ ಬರೆಯುವುದು ಬಿ ಕಪ್ ಬ್ರಾ ಲೆಕ್ಕಕ್ಕೆ, ಅಂದರೆ ಸುಮಾರು ಎರಡು ಇಂಚು ವ್ಯತ್ಯಾಸಕ್ಕೆ. ವ್ಯತ್ಯಾಸ ಎರಡು ಇಂಚು ದಾಟಿದರೆ ಕುತ್ತಿಗೆ-ಭುಜಕ್ಕೆ ಮೇಲ್ಭಾಗದ ಅಳತೆಯಿಂದಲೇ ಸೈಜ್ ಆರಿಸಬೇಕು. ಅಂದರೆ ಕುತ್ತಿಗೆ, ಭುಜ 36ರ ಸೈಜಿನ ಗೆರೆಯಲ್ಲಿ. ಕಂಕುಳಿನ ಕೆಳಗಿನ ತುದಿಯಲ್ಲಿ ಮುಂದಿನ ದೊಡ್ಡ ಸೈಜಿಗೆ ಸರಿದು ಪಕ್ಕದ ಗೆರೆಯನ್ನು ಅದರಲ್ಲೇ ಇಳಿಸಿ. ತೋಳಿನ ಅಡಿಯಲ್ಲೂ ಅಷ್ಟೇ ಸೇರಿಸಿ, ಇಲ್ಲದಿದ್ದರೆ ತೋಳು ಕೂಡಿಸುವಾಗ ಸಾಲುವುದಿಲ್ಲ. 50% ಬಟ್ಟೆ ಆಗಿದ್ದರೆ ಈ ಸರಿಸುವ ಕೆಲಸ ಇಲ್ಲದೆಯೂ ನಡೀತಿತ್ತು. 35%ದಲ್ಲಿ ಸರಿಸದಿದ್ದರೆ ಎದೆಯ ಮೇಲೆ ಕಂಕುಳಿನಿಂದ ಕಂಕುಳಿಗೆ ಅಡ್ಡ ಗೆರೆ ಏಳ್ತದೆ.

ಎತ್ತರದ ವಿಷಯ. ಆ ಕಂಪೆನಿಗಳು ಹೆಂಗಸರ ಪ್ಯಾಟರ್ನ್ ಬರೆಯುವುದು 5 ಅಡಿ 5-6 ಇಂಚಿನ ಎತ್ತರಕ್ಕೆ. ನಿಮ್ಮದನ್ನು ಬರೆದವರು ಯಾವ ಎತ್ತರ ಹಿಡಿದಿದ್ದಾರೆ ಅಂತ ಮೊದಲ ಪುಟದಲ್ಲಿ ನೋಡಿ. ಗಿಡ್ಡ ಮಾಡುವುದನ್ನು ಪೂರ್ತಿ ಕೆಳಗಿನಿಂದ ಕತ್ತರಿಸಬೇಡಿ. ಸೊಂಟದ ಮೇಲೆ ಎರಡು ಗೆರೆ ಹಾಕಿ "ಇಲ್ಲಿ ಉದ್ದ-ಗಿಡ್ಡ ಮಾಡಿ" ಅಂತ ಕೊಟ್ಟಿರ್ತಾರೆ, ಸ್ವಲ್ಪ ಅಲ್ಲಿ ಮಡಚಿ, ಉಳಿದದ್ದು ಕೆಳಗೆ. ಇಲ್ಲದಿದ್ದರೆ ಸೊಂಟದ ಒಳಬಾಗು ಸೊಂಟಕ್ಕೆ ಬಾರದೆ ಪೃಷ್ಠದ ಮೇಲೆ ಬಂದು ಕೂರ್ತದೆ, ಅಲ್ಲಿ ಬಟ್ಟೆ ಮೇಲೆ ಹತ್ತಿ ಸುಕ್ಕು ಬೀಳ್ತದೆ.

ಬೋಳೂರು_ಬಾಬಿನ್

ಕತ್ತರಿಸುವ ದಿನ ಮೇಜಿನಿಂದ ಬಟ್ಟೆ ಕೆಳಗೆ ನೇತಾಡಬಾರದು. ನೇತಾಡುವ ಭಾಗ ಮೇಲಿನದ್ದನ್ನು ಎಳೀತಾ ಇರ್ತದೆ, ಎಳೆದ ಬಟ್ಟೆಯ ಮೇಲೆ ಕತ್ತರಿಸಿದ ತುಂಡು ಆಮೇಲೆ ಕುಗ್ಗಿ ಚಿಕ್ಕದಾಗ್ತದೆ. ನೆಲವೇ ವಾಸಿ, ಚಾಪೆ ಬೇಡ, ಬರೀ ನೆಲ. ಫ್ಯಾನ್ ಆಫ್. ಗುಂಡುಪಿನ್ನಿನ ಬದಲು ಸ್ಟೀಲ್ ಲೋಟ, ಡಬ್ಬಿ ಏನಾದರೂ ಭಾರ ಇಟ್ಟು ಸುತ್ತ ಚಾಕ್ ಎಳೆಯಿರಿ.

ನೇರ ಎಲ್ಲಿ ಅಂತ ಹುಡುಕುವುದು ಹೀಗೆ. ಹೊರಮೈಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ. ಜಡೆ ಹೆಣೆದ ಹಾಗೆ ಒಂದರ ಮೇಲೊಂದು ಕೂತ ಸಣ್ಣ ಸಣ್ಣ ಕುಣಿಕೆಗಳ ಕಂಬಗಳು ಕಾಣ್ತವೆ. ಪ್ಯಾಟರ್ನಿನ ಬಾಣದ ಗೆರೆ ಆ ಕಂಬಕ್ಕೆ ಸಮ ಇರಬೇಕು, ಬಟ್ಟೆಯ ಅಂಚಿಗೆ ಅಲ್ಲ. ಅಂಚು ಓರೆ ಕತ್ತರಿಸಿರಬಹುದು, ಕಂಬ ಸುಳ್ಳು ಹೇಳುವುದಿಲ್ಲ. ಎಲ್ಲೆಲ್ಲಿ ಗೊತ್ತಾಗುವುದಿಲ್ಲವೋ ಅಲ್ಲಿ ಒಂದು ಕಂಬದ ಮೇಲೆ ಸೋಪಿನ ತುಂಡಿನಿಂದ ನಿಧಾನ ಗೆರೆ ಎಳೆದುಕೊಂಡು ಹೋಗಿ.

ಕೊಳವೆಯ ಹಾಗೆ ಬರುವ ಬಟ್ಟೆ ಆದರೆ ಅದರ ಮಡಿಕೆಯ ಗುರುತು ಇಸ್ತ್ರಿಗೂ ಹೋಗುವುದಿಲ್ಲ. ಎದೆಯ ನಡುವೆ ಅದು ಬಾರದ ಹಾಗೆ ಮಡಿಕೆ ಬದಲಿಸಿ.

ಸುರತ್ಕಲ್_ಸೂಜಿ

ಧನ್ಯವಾದ. ಕುತ್ತಿಗೆ ಪಟ್ಟಿಯ ಲೆಕ್ಕಕ್ಕೆ ಬರ್ತೇನೆ. ಕಾಗದದ ಮೇಲೆ ಕುತ್ತಿಗೆಯ ಹೊಲಿಗೆ ಗೆರೆ ಅಳೆದರೆ ಮುಂದೆ 32, ಹಿಂದೆ 20, ಒಟ್ಟು 52 ಸೆಂ.ಮೀ. ಪಟ್ಟಿಯ ತುಂಡು ಎರಡೂ ಮಾರ್ಜಿನ್ ಸೇರಿ 43 ಉದ್ದ, 6 ಅಗಲ.

ಮಣಿಪಾಲ_ಪ್ರಿಂಟ್

ಕೊಟ್ಟದ್ದನ್ನೇ ಕತ್ತರಿಸಿ ಅಂತ ನನ್ನ ಅಭಿಪ್ರಾಯ. ಪ್ಯಾಟರ್ನ್ ಮಾಡುವವರು ಹತ್ತಾರು ಜನರಿಂದ ಹೊಲಿಸಿ ನೋಡಿಯೇ ಬಿಡುವುದು. ಮೊದಲ ಸಲ ಹೊಲಿಯುವವರು ಅಳತೆ ಬದಲಿಸಲಿಕ್ಕೆ ಹೋದರೆ ತಪ್ಪು ಎಲ್ಲಿ ಆಯ್ತು ಅಂತ ಹುಡುಕುವುದೇ ಕಷ್ಟ.

ಕಾಪಿಕಾಡ್_ದರ್ಜಿ

ಹೊಲಿಸಿ ನೋಡಿದ್ದು ಹೌದು, ಆದರೆ ಅವರು ಹೇಳಿದ 50% ಬಟ್ಟೆಯಲ್ಲಿ. ಮೈಯ ತುಂಡುಗಳಲ್ಲಿ ಹೆಚ್ಚು ಕಡಿಮೆ ನಡೀತದೆ. ಪಟ್ಟಿ ಮಾತ್ರ ಪೂರ್ತಿ ಹಿಗ್ಗುವುದರ ಮೇಲೇ ನಿಂತದ್ದು. ಲೆಕ್ಕ ಹಾಕಿ ತೋರಿಸ್ತೇನೆ, ನೋಡಿ.

43ರಲ್ಲಿ ಮಾರ್ಜಿನ್ 2 ಕಳೆದರೆ 41. ಕುತ್ತಿಗೆ 52. ಅಂದರೆ ಪಟ್ಟಿ ಕುತ್ತಿಗೆಯ 79%. ತಲೆಯ ಸುತ್ತಳತೆ ಹಣೆಯಿಂದ ಹಿಡಿದು 57 ಸೆಂ.ಮೀ. ಅಂತ ಇಟ್ಟುಕೊಳ್ಳಿ. 50% ಬಟ್ಟೆಯಲ್ಲಿ 41 ಹಿಗ್ಗಿ 61 ಆಗ್ತದೆ, ತಲೆ ಆರಾಮ ಹೋಗ್ತದೆ. ನಿಮ್ಮ 35% ಬಟ್ಟೆಯಲ್ಲಿ 41 ಹಿಗ್ಗುವುದು 55ರವರೆಗೆ. ತಲೆ ಹೋಗಬೇಕಾದರೆ ಎಳೆದು ತುರುಕಬೇಕು, ನಾಲ್ಕು ದಿನದಲ್ಲಿ ಕುತ್ತಿಗೆಯ ಹೊಲಿಗೆ ಕಡೀತದೆ. ಹೋದ ಮೇಲೂ ಪಟ್ಟಿ ಕುತ್ತಿಗೆಯನ್ನು ಒಳಕ್ಕೆ ಎಳೆದು ಸುತ್ತ ಸಣ್ಣ ನೆರಿಗೆ ಕೂರಿಸ್ತದೆ.

85%ಕ್ಕೆ ಇಟ್ಟರೆ 52ಕ್ಕೆ 44, ಮಾರ್ಜಿನ್ ಸೇರಿಸಿ 46 ಕತ್ತರಿಸಿ. ಅದು 59ರವರೆಗೆ ಹಿಗ್ಗುತ್ತದೆ. ತಲೆಯೂ ಹೋಯ್ತು, ಮಲಗಿಯೂ ಕೂತಿತು. 1×1 ರಿಬ್ (ಉದ್ದಕ್ಕೆ ಏಣು ಏಣಾಗಿ ಕಾಣುವ, ಹೆಚ್ಚು ಹಿಗ್ಗುವ ಬಟ್ಟೆ) ಪಟ್ಟಿ ಆದರೆ 78-80% ಸಾಕು, ಅಂದರೆ ಅವರ ತುಂಡೇ ಸರಿ. ಇಂಟರ್‌ಲಾಕ್ ತರಹ 25% ಮಾತ್ರ ಹಿಗ್ಗುವ ಬಟ್ಟೆಯಲ್ಲಿ 90%ಕ್ಕೆ ಹೋಗಬೇಕು. ಪಟ್ಟಿಯ ಉದ್ದ ಬಟ್ಟೆಯ ಅಡ್ಡಕ್ಕೇ ಬರಬೇಕು, ಉದ್ದಕ್ಕೆ ಕತ್ತರಿಸಿದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಮಣಿಪಾಲ_ಪ್ರಿಂಟ್

ತಲೆಯ ಲೆಕ್ಕ ನಾನು ಹಿಡಿದಿರಲಿಲ್ಲ. ಒಪ್ಪಿದೆ. ಪಟ್ಟಿಯ ಅಗಲಕ್ಕೂ ಹೀಗೆ ಲೆಕ್ಕ ಉಂಟಾ?

ಕಾಪಿಕಾಡ್_ದರ್ಜಿ

ಉಂಟು. ಪಟ್ಟಿ ಮಡಚಿ ಹೊಲಿದಾಗ ಹೊಲಿಗೆಯ ಗೆರೆ ಹೊರ ವೃತ್ತ, ಮಡಿಕೆಯ ಅಂಚು ಒಳ ವೃತ್ತ. ಒಳ ವೃತ್ತ ಚಿಕ್ಕದು. ಸಮತಟ್ಟಾದ ವೃತ್ತ ಅಂತ ಇಟ್ಟುಕೊಂಡರೆ 2 ಸೆಂ.ಮೀ. ಅಗಲದ ಪಟ್ಟಿಗೆ ಒಳ ಸುತ್ತು ಸುಮಾರು 12.5 ಸೆಂ.ಮೀ. ಕಡಿಮೆ, ಒಂದೂವರೆ ಸೆಂ.ಮೀ.ಗೆ 9.5. ಕುತ್ತಿಗೆ ಭುಜದ ಮೇಲೆ ಬಾಗುವುದರಿಂದ ಪೂರ್ತಿ ಅಷ್ಟು ಬೇಕಾಗುವುದಿಲ್ಲ, ಆದರೆ ಪಟ್ಟಿ ಅಗಲ ಆದಷ್ಟೂ ಗಿಡ್ಡ ಕತ್ತರಿಸಬೇಕು ಅನ್ನುವುದು ಇದರಿಂದಲೇ. ಗಿಡ್ಡ ಸಾಲದಿದ್ದರೆ ಮಡಿಕೆಯ ಅಂಚು ಮೈಗೆ ಅಂಟದೆ ಎದ್ದು ನಿಲ್ತದೆ. ಹೆಚ್ಚು ಹಿಗ್ಗದ ಬಟ್ಟೆಗೆ ಸಪೂರ ಪಟ್ಟಿಯೇ ಕ್ಷೇಮ. ಒಂದೂವರೆ ಸೆಂ.ಮೀ. ಪಟ್ಟಿಗೆ 5 ಸೆಂ.ಮೀ. ಅಗಲ ಕತ್ತರಿಸಿ: ಒಂದೂವರೆ ಎರಡು ಸಲ, ಮಾರ್ಜಿನ್ ಎರಡು. ಪಟ್ಟಿ ಸಪೂರ ಆದಷ್ಟು ಕುತ್ತಿಗೆ ಅಗಲ ಕಾಣ್ತದೆ, ಅರ್ಧ ಸೆಂ.ಮೀ. ಅಷ್ಟೇ.

ಬೋಳೂರು_ಬಾಬಿನ್

ಕೂಡಿಸುವ ಕ್ರಮವನ್ನೂ ಹೇಳಿಬಿಡ್ತೇನೆ, ಹೆಚ್ಚಿನವರು ತಪ್ಪುವುದು ಇಲ್ಲೇ. ಪಟ್ಟಿಯ ಎರಡು ತುದಿ ಹೊಲಿದು ಬಳೆ ಮಾಡಿ, ಒಳಮೈ ಒಳಗೆ ಬರುವ ಹಾಗೆ ಉದ್ದಕ್ಕೆ ಮಡಚಿ ಇಸ್ತ್ರಿ ಮಾಡಿ. ಪಟ್ಟಿಗೂ ಕುತ್ತಿಗೆಗೂ ನಾಲ್ಕು ಸಮ ಭಾಗದ ಗುರುತು. ಕುತ್ತಿಗೆಯ ಕಾಲು ಭಾಗದ ಗುರುತು ಭುಜದ ಹೊಲಿಗೆಯ ಮೇಲೆ ಬೀಳುವುದಿಲ್ಲ. 52ರ ಕಾಲು 13. ಬೆನ್ನಿನ ನಡುವಿನಿಂದ ಭುಜಕ್ಕೆ 10. ಹಾಗಾಗಿ ಗುರುತು ಭುಜದಿಂದ 3 ಸೆಂ.ಮೀ. ಮುಂದೆ ಬರ್ತದೆ. ಭುಜಕ್ಕೇ ಹೊಂದಿಸಿದರೆ ಬೆನ್ನಿನ ಕಡೆ ಪಟ್ಟಿ ಸಡಿಲ, ಎದೆಯ ಕಡೆ ಬಿಗಿ.

ಹೊಲಿಯುವಾಗ ಪಟ್ಟಿ ಮೇಲೆ, ಟಾಪ್ ಕೆಳಗೆ. ಪಟ್ಟಿಯನ್ನು ಮಾತ್ರ ಹಿಗ್ಗಿಸಿ ಟಾಪಿನ ಉದ್ದಕ್ಕೆ ತನ್ನಿ, ಟಾಪನ್ನು ಎಳೆಯಲೇಬಾರದು. ಮುಂಭಾಗದ ಬಾಗು ಇರುವಲ್ಲಿ ಕೂದಲೆಳೆಯಷ್ಟು ಜಾಸ್ತಿ ಹಿಗ್ಗಿಸಿ, ಬೆನ್ನಿನ ನೇರದಲ್ಲಿ ಕಡಿಮೆ. ಮೊದಲು ಉದ್ದ ಹೊಲಿಗೆಯಲ್ಲಿ ಕಚ್ಚಾ ಹೊಲಿದು ಕನ್ನಡಿ ಮುಂದೆ ನೋಡಿ. ಸರಿ ಇಲ್ಲದಿದ್ದರೆ ಬಿಚ್ಚುವುದು ಐದು ನಿಮಿಷ. ಸಣ್ಣ ಝಿಗ್‌ಝಾಗ್ ಹಾಕಿದ ಮೇಲೆ ಬಿಚ್ಚಲಿಕ್ಕೆ ಹೋದರೆ ಜೆರ್ಸಿ ತೂತು ಬೀಳ್ತದೆ.

ಮಲ್ಪೆಗಾಳಿ

ಸೂಜಿಯ ವಿಷಯ ಯಾರೂ ಎತ್ತಲಿಲ್ಲ. ಮೆಷಿನ್ ಜೊತೆ ಬಂದ ಸೂಜಿಯ ಮೊನೆ ಚೂಪು, ಎಳೆಯನ್ನು ಕಡಿದುಕೊಂಡು ಹೋಗ್ತದೆ. ಹೊಲಿದ ದಿನ ಕಾಣುವುದಿಲ್ಲ, ಎರಡು ಸಲ ಒಗೆದ ಮೇಲೆ ಹೊಲಿಗೆಯ ಪಕ್ಕ ತೂತಿನ ಸಾಲು ತೆರೀತದೆ. ಮೊನೆ ಉರುಟಾದ ಸೂಜಿ ಬೇಕು. ಬರೀ ಕಾಟನ್ ಜೆರ್ಸಿಗೆ "ಜೆರ್ಸಿ" ಸೂಜಿ, ಲೈಕ್ರಾ ಇದ್ದರೆ "ಸ್ಟ್ರೆಚ್" ಸೂಜಿ, 75/11. ಅಂಗಡಿಯಲ್ಲಿ 11 ನಂಬರ್ ಅಂದರೆ ಸಾಕು, ಆದರೆ "ಸ್ಟ್ರೆಚ್" ಅಂತ ಒತ್ತಿ ಹೇಳಿ. ಶ್ಮೆಟ್ಜ್ ಸೂಜಿ ಆದರೆ ಹಳದಿ ಗೆರೆ ಸ್ಟ್ರೆಚ್, ಕಿತ್ತಳೆ ಗೆರೆ ಜೆರ್ಸಿ. ನೂಲು ಪಾಲಿಯೆಸ್ಟರ್. ಕಾಟನ್ ನೂಲು ಎಳೆತಕ್ಕೆ ಪಟ್ಟನೆ ಕಡೀತದೆ.

ಹೊಲಿಗೆ ಬಿಟ್ಟು ಬಿಟ್ಟು ಬೀಳುವುದಕ್ಕೂ ಸೂಜಿಯೇ ಕಾರಣ ಹೆಚ್ಚಿನ ಸಲ. ಸೂಜಿ ಕೆಳಗೆ ಹೋಗಿ ಸ್ವಲ್ಪ ಮೇಲೆ ಬಂದಾಗ ನೂಲು ಕುಣಿಕೆ ಆಗಿ ನಿಲ್ಲಬೇಕು, ಕೆಳಗಿನ ಕೊಕ್ಕೆ ಅದನ್ನು ಹಿಡೀಬೇಕು. ಲೈಕ್ರಾ ಬಟ್ಟೆ ಸೂಜಿಯನ್ನು ಅಪ್ಪಿಕೊಂಡು ಅದರ ಜೊತೆಯೇ ಮೇಲೆ ಏಳ್ತದೆ, ಕುಣಿಕೆ ಆಗುವುದೇ ಇಲ್ಲ. ಸ್ಟ್ರೆಚ್ ಸೂಜಿಯ ಹಿಂಬದಿ ಹೆಚ್ಚು ತಗ್ಗು, ಕೊಕ್ಕೆ ಹತ್ತಿರದಿಂದ ಹಾದುಹೋಗ್ತದೆ. ಟೆನ್ಷನ್ ತಿರುಗಿಸಿ ಗಂಟೆಗಟ್ಟಲೆ ಒದ್ದಾಡುವ ಮೊದಲು ಹೊಸ ಸೂಜಿ ಹಾಕಿ ನೋಡಿ. ನಮ್ಮ ಉಪ್ಪುಗಾಳಿಗೆ ಸೂಜಿ ಬೇಗ ತುಕ್ಕು ಹಿಡೀತದೆ. ಬೆರಳಿಗೆ ಸಿಗದಷ್ಟು ಸಣ್ಣ ತುಕ್ಕೂ ಜೆರ್ಸಿಯ ಎಳೆ ಎತ್ತಿಬಿಡ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಕೋಟ_ಹೊಲಿಗೆ

ನಮ್ಮಲ್ಲಿ ಇರುವುದು ಕಾಲಿನಿಂದ ತುಳಿಯುವ ಹಳೆಯ ಕಪ್ಪು ಮೆಷಿನ್, ನೇರ ಹೊಲಿಗೆ ಮಾತ್ರ. ಇದರಲ್ಲಿ ಸಾಧ್ಯವೇ ಇಲ್ವಾ?

ಕಲ್ಸಂಕ_ಕತ್ತರಿ

ಸಾಧ್ಯ ಉಂಟು. ಎಲ್ಲ ಹೊಲಿಗೆಯೂ ಒಂದೇ ತರಹ ಹಿಗ್ಗುವುದಿಲ್ಲ, ಅದನ್ನು ನೋಡಿಕೊಳ್ಳಿ. ಭುಜದ ಹೊಲಿಗೆ ಹಿಗ್ಗಲೇಬಾರದು, ತೋಳಿನ ಭಾರ ಅದರ ಮೇಲೆ. ಅಲ್ಲಿ ಸಪೂರ ಟ್ವಿಲ್ ಟೇಪ್ ಇಟ್ಟು ನೇರ ಹೊಲಿಗೆ ಹಾಕಿ. ಪಕ್ಕದ ಹೊಲಿಗೆ ಉದ್ದಕ್ಕೆ ಇರುವುದು, ಸ್ವಲ್ಪವೇ ಹಿಗ್ಗಿದರೆ ಸಾಕು. ಹೊಲಿಗೆ 2 ಮಿ.ಮೀ. ಇಟ್ಟು, ಬಟ್ಟೆಯನ್ನು ಹಿಂದೆ ಮುಂದೆ ಹಗುರ ಹಿಡಿದು ಹೊಲಿದು, 3 ಮಿ.ಮೀ. ಬಿಟ್ಟು ಇನ್ನೊಂದು ಸಾಲು. ಕುತ್ತಿಗೆಯ ಹೊಲಿಗೆ ತಲೆ ಹೋಗುವಾಗ 52ರಿಂದ 57ಕ್ಕೆ ಹಿಗ್ಗಬೇಕು, ಅಂದರೆ ಹತ್ತು ಪರ್ಸೆಂಟ್. ನೇರ ಹೊಲಿಗೆಗೆ ಅದು ಅಂಚಿನ ಮಾತು, ನಾನಾದರೆ ಅಲ್ಲಿ ನಂಬುವುದಿಲ್ಲ. ಸೀರೆಗೆ ಫಾಲ್-ಪೀಕೋ ಮಾಡಿಕೊಡುವವರ ಹತ್ತಿರ ಝಿಗ್‌ಝಾಗ್ ಮೆಷಿನ್ ಇದ್ದೇ ಇರ್ತದೆ. ಪಟ್ಟಿಯನ್ನು ಕಚ್ಚಾ ಹೊಲಿದು ಕೊಂಡುಹೋಗಿ, ಸೂಜಿಯನ್ನು ನೀವೇ ಕೊಡಿ, ಒಂದು ಮಿ.ಮೀ. ಅಗಲದ ಝಿಗ್‌ಝಾಗ್ ಹಾಕಿಸಿ. ಅವರ ಮೆಷಿನ್‌ಗೆ ಯಾವ ಸೂಜಿ ಅಂತ ಮೊದಲೇ ಕೇಳಿ ಬನ್ನಿ. ಮನೆ ಮೆಷಿನ್‌ಗೆ ಎಚ್‌ಎ×1, ಜ್ಯಾಕ್, ಜೂಕಿ ಕಂಪೆನಿಯ ದೊಡ್ಡ ಮೆಷಿನ್ ತರಹದ್ದಕ್ಕೆ ಡಿಬಿ×1, ಒಂದು ಇನ್ನೊಂದಕ್ಕೆ ಆಗುವುದಿಲ್ಲ.

ಎರಡು ಮೊನೆಯ ಸೂಜಿಯನ್ನು ಮಾತ್ರ ಆ ಕಪ್ಪು ಮೆಷಿನ್‌ಗೆ ಹಾಕಬೇಡಿ. ಪ್ಲೇಟಿನ ತೂತು ಒಂದೇ ಸೂಜಿಗೆ ಇರುವುದು, ಬಡಿದು ಮುರಿದು ಚೂರು ಕಣ್ಣಿಗೆ ಹಾರ್ತದೆ.

ಸುರತ್ಕಲ್_ಸೂಜಿ

ನನ್ನ ಮೆಷಿನ್‌ಗೆ ಹೊಲಿಗೆಯ ನಂಬರ್ ಹೇಳಿ ಅಕ್ಕ. ಓವರ್‌ಲಾಕ್ ಅಂಗಡಿಯಲ್ಲಿ ಮಾಡಿಸಬೇಕಾ?

ಕಲ್ಸಂಕ_ಕತ್ತರಿ

ಜೆರ್ಸಿಯ ಅಂಚಿನಿಂದ ಎಳೆ ಬಿಚ್ಚಿಕೊಂಡು ಬರುವುದಿಲ್ಲ, ಓವರ್‌ಲಾಕ್ ಅಂದಕ್ಕೆ ಮಾತ್ರ. ರವಿಕೆಯ ಅಂಚಿಗೆ ಇಟ್ಟುಕೊಂಡ ಮೂರು ನೂಲಿನ ಹಳೆ ಮೆಷಿನ್‌ಗಳಲ್ಲಿ ಡಿಫರೆನ್ಷಿಯಲ್ ಫೀಡ್ (ಬಟ್ಟೆ ಹಿಗ್ಗದ ಹಾಗೆ ತಳ್ಳುವ ವ್ಯವಸ್ಥೆ) ಇರುವುದಿಲ್ಲ, ಅದರಲ್ಲಿ ಹಾಕಿಸಿದರೆ ಅಂಚು ಎಲೆಕೋಸಿನ ಹಾಗೆ ಅಲೆ ಅಲೆ ಆಗ್ತದೆ. ಕೊಡುವುದಾದರೆ ಬೇರೆ ಚೂರು ಬಟ್ಟೆಯಲ್ಲಿ ಒಮ್ಮೆ ಓಡಿಸಿ ತೋರಿಸಿ ಅನ್ನಿ.

ನಿಮ್ಮದಕ್ಕೆ ಕೂಡಿಸುವ ಹೊಲಿಗೆ ಅಗಲ 0.5ರಿಂದ 1, ಉದ್ದ 2.5. ಅಂಚಿಗೆ ಇನ್ನೊಂದು ಸಾಲು ಅಗಲ 4ರಲ್ಲಿ ಹಾಕಿ ಉಳಿದದ್ದನ್ನು ಕತ್ತರಿಸಿ. ಕ್ರಮ: ಭುಜ, ಕುತ್ತಿಗೆ ಪಟ್ಟಿ, ತೋಳು, ಆಮೇಲೆ ತೋಳಿನ ತುದಿಯಿಂದ ಕಂಕುಳು ಹಾದು ಪಕ್ಕ ಒಂದೇ ಎಳೆತದಲ್ಲಿ, ಕೊನೆಗೆ ಮಡಿಕೆ. ತೋಳನ್ನು ರವಿಕೆಯ ಹಾಗೆ ಗುಂಡಾಗಿ ಕೂಡಿಸುವ ಅಗತ್ಯ ಇಲ್ಲ, ಪಕ್ಕ ಹೊಲಿಯುವ ಮುಂಚೆ ಮಟ್ಟಸವಾಗಿ ಕೂಡಿಸಿ.

ಪ್ರೆಸರ್ ಫುಟ್ಟಿನ ಒತ್ತಡ ಒಂದು ಹಂತ ಇಳಿಸಿ. ಕೆಳಗಿನ ಹಲ್ಲು ಅಡಿಯ ಪದರವನ್ನು ಮುಂದೆ ತಳ್ಳುವಾಗ ಮೇಲಿನ ಪಾದ ಮೇಲ್ಪದರವನ್ನು ತಡೆದು ಹಿಗ್ಗಿಸ್ತದೆ, ಅಲೆ ಬರುವುದು ಅದರಿಂದ. ತೀರ ಇಳಿಸಿದರೂ ಬಟ್ಟೆ ಸೂಜಿಯ ಜೊತೆ ಏಳ್ತದೆ, ಮಲ್ಪೆಯವರು ಹೇಳಿದ ಸಮಸ್ಯೆ ಬರ್ತದೆ. ಚೂರಿನಲ್ಲಿ ನೋಡಿ ನಿಲ್ಲಿಸಿ.

ಬೋಳೂರು_ಬಾಬಿನ್

ಕೆಳಮಡಿಕೆಗೆ 2.5 ಸೆಂ.ಮೀ. ಮಡಚಿ, ಎರಡು ಮೊನೆಯ ಸ್ಟ್ರೆಚ್ ಸೂಜಿ, ಅಂತರ 4 ಮಿ.ಮೀ., ಹೊಲಿಗೆಯ ಉದ್ದ 3. ಹೊರಮೈ ಮೇಲೆ ಇಟ್ಟೇ ಹೊಲಿಯಬೇಕು. ಕೆಳಗೆ ಬಾಬಿನ್ ನೂಲು ಒಂದೇ ಎರಡು ಸಾಲಿನ ನಡುವೆ ಓಡಾಡ್ತದೆ, ಅದರಿಂದಲೇ ಹಿಗ್ಗುವುದು. ಎರಡು ಸಾಲಿನ ನಡುವೆ ಬಟ್ಟೆ ಉಬ್ಬಿದರೆ ಮೇಲಿನ ಟೆನ್ಷನ್ ಇಳಿಸಿ, ಅಥವಾ 2.5 ಮಿ.ಮೀ. ಅಂತರದ ಸೂಜಿ ಹಾಕಿ. ಹಾಕಿಕೊಳ್ಳುವಾಗ ಪಟಪಟ ಕಡಿದರೆ ಬಾಬಿನ್ ಬಿಗಿ ಅಂತ ಅರ್ಥ, ಬಾಬಿನ್ ಕೇಸಿನ ಸಣ್ಣ ಸ್ಕ್ರೂ ಕಾಲು ಸುತ್ತು ಸಡಿಲಿಸಿ. ತಿರುಗಿಸುವ ಮುಂಚೆ ಸ್ಕ್ರೂವಿನ ಗೀಟು ಎಲ್ಲಿತ್ತು ಅಂತ ಫೋಟೋ ತೆಗೆದಿಡಿ.

ಹೊಲಿದ ಮಡಿಕೆ ಸ್ವಲ್ಪ ಅಲೆ ಎದ್ದಿದ್ದರೆ ಕೂಡಲೇ ಬಿಚ್ಚಬೇಡಿ. ಹಬೆಯ ಇಸ್ತ್ರಿಯನ್ನು ಮುಟ್ಟಿಸದೆ ಮೇಲೆ ಹಿಡಿದು ಹಬೆ ಬಿಟ್ಟು, ಕೈಯಲ್ಲಿ ತಟ್ಟಿ, ಪೂರ್ತಿ ತಣ್ಣಗಾಗುವವರೆಗೆ ಎತ್ತಬೇಡಿ. ಬಹಳಷ್ಟು ಕೂತುಬಿಡ್ತದೆ.

ಸುರತ್ಕಲ್_ಸೂಜಿ

ಪಟ್ಟಿ 46×5ಕ್ಕೆ ಕತ್ತರಿಸಿ ಕಚ್ಚಾ ಹೊಲಿದೆ. ಮಲಗಿ ಕೂತಿದೆ, ತಲೆ ಸಲೀಸು ಹೋಗ್ತದೆ. ಅವರ 43ರ ತುಂಡನ್ನೂ ಉಳಿದ ಬಟ್ಟೆಯಲ್ಲಿ ಬಳೆ ಮಾಡಿ ನೋಡಿದೆ, ಕಿವಿಯ ಹತ್ತಿರ ಸಿಕ್ಕಿಕೊಳ್ತದೆ.

ಕೊನೆಗೊಂದು ಪ್ರಶ್ನೆ. ಅಂಗಡಿಯ ಟೀಶರ್ಟ್‌ಗಳಲ್ಲಿ ಪಕ್ಕದ ಹೊಲಿಗೆ ಒಗೆದ ಮೇಲೆ ತಿರುಗಿ ಹೊಟ್ಟೆಯ ಕಡೆ ಬರ್ತದಲ್ಲ, ಇದಕ್ಕೂ ಹಾಗೆ ಆಗ್ತದಾ? ಮುಂದಿನ ಸಲ ಕಿಲೋ ಲೆಕ್ಕದ ಬಟ್ಟೆ ತೆಗೆಯುವ ಯೋಚನೆಯೂ ಉಂಟು. ಒಂದು ಕಿಲೋಗೆ ಎಷ್ಟು ಬರ್ತದೆ?

ಕಾಪಿಕಾಡ್_ದರ್ಜಿ

ತಿರುಗುವುದು ಸಿಂಗಲ್ ಜೆರ್ಸಿಯ ಗುಣ. ನೂಲಿಗೆ ಹಾಕಿದ ತಿರುಚು ಬಿಚ್ಚಿಕೊಳ್ಳಲಿಕ್ಕೆ ನೋಡ್ತದೆ, ಕುಣಿಕೆಗಳು ಒಂದೇ ಪಕ್ಕಕ್ಕೆ ವಾಲ್ತವೆ. ಕಂಬಕ್ಕೆ ಹಿಡಿಯದೆ ಬಟ್ಟೆಯ ಅಂಚಿಗೆ ಹಿಡಿದು ಕತ್ತರಿಸಿದ್ದರೆ ಒಗೆದ ಮೇಲೆ ಕಂಬ ನೇರಕ್ಕೆ ಹೋಗ್ತದೆ, ಹೊಲಿಗೆ ಓರೆಗೆ ಬರ್ತದೆ. ನೀವು ಎರಡು ಸಲ ಒಗೆದು ಕಂಬ ನೋಡಿ ಕತ್ತರಿಸಿದ್ದೀರಿ, ಬಹಳ ತಿರುಗಲಿಕ್ಕಿಲ್ಲ. ಇಂಟರ್‌ಲಾಕ್‌ನಲ್ಲಿ ಎರಡು ಬದಿಯ ಕುಣಿಕೆ ಒಂದನ್ನೊಂದು ತಡೆಯುವುದರಿಂದ ಈ ತೊಂದರೆ ಕಡಿಮೆ.

ಕಿಲೋ ಲೆಕ್ಕ: 1000ವನ್ನು ಜಿಎಸ್‌ಎಂನಿಂದ ಭಾಗಿಸಿ, ಬಂದದ್ದನ್ನು ಮೀಟರಿನಲ್ಲಿ ಅಗಲದಿಂದ ಭಾಗಿಸಿ. 180 ಜಿಎಸ್‌ಎಂ, ಒಂದೂವರೆ ಮೀಟರ್ ಅಗಲಕ್ಕೆ ಸುಮಾರು 3.7 ಮೀಟರ್ ಆಯ್ತು. ಒಗೆದಾಗ ಉದ್ದಕ್ಕೆ 6% ಹೋದರೆ ಉಳಿಯುವುದು ಸುಮಾರು 3.5, ಗಿಡ್ಡ ತೋಳಿನ ಎರಡು ಟಾಪ್ ಮತ್ತು ಪಟ್ಟಿಗೆ ಧಾರಾಳ. ಕೊಳವೆ ಬಟ್ಟೆ ಆದರೆ ಮಲಗಿಸಿದ ಅಗಲವನ್ನು ಎರಡರಿಂದ ಗುಣಿಸಿ ಲೆಕ್ಕಕ್ಕೆ ಹಿಡಿಯಿರಿ. 90 ಸೆಂ.ಮೀ. ಕೊಳವೆ ಅಂದರೆ 1.8 ಮೀಟರ್ ಅಗಲ, ಕಿಲೋಗೆ 3 ಮೀಟರ್ ಚಿಲ್ಲರೆ. ತೂಕಕ್ಕೆ ಹಾಕುವ ಮುಂಚೆ ಸುರುಳಿ ಬಿಡಿಸಿ ಬೆಳಕಿಗೆ ಹಿಡಿದು ನೋಡಿ, ಹೆಣೆಯುವ ಮೆಷಿನಿನ ಸೂಜಿ ಮುರಿದು ಬಂದ ಉದ್ದ ಗೆರೆ ಇದ್ದರೆ ಆ ಕಂಬ ಇಡೀ ಬಟ್ಟೆಯಲ್ಲಿ ಓಡಿರ್ತದೆ.